ಪುಕ್ಕಟೆ ಕೊಟ್ಟವರ ಮೇಲೆ ಯಾರ ಹಕ್ಕು?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2.7 ಆವೃತ್ತಿ ಬಿಡುಗಡೆಯಾದದ್ದು 2010ರ ಜುಲೈನಲ್ಲಿ. ಅದರ ಕೊನೆಯ ಆವೃತ್ತಿ 2.7.18 ಬಂದದ್ದು 2020ರ ಏಪ್ರಿಲ್‌ನಲ್ಲಿ. ಈ ಹತ್ತು ವರ್ಷವೂ ಬಿಡುಗಡೆಗಳ ಉಸ್ತುವಾರಿ ಹೊತ್ತವರು ಬೆಂಜಮಿನ್ ಪೀಟರ್ಸನ್ ಒಬ್ಬರೇ. 2015ಕ್ಕೇ ನಿಲ್ಲಬೇಕಿದ್ದ ಬೆಂಬಲವನ್ನು, ಬಳಸುವವರ ಕಷ್ಟ ನೋಡಿ, ಪೈಥಾನ್ ತಂಡ 2014ರಲ್ಲಿ ಮತ್ತೆ ಐದು ವರ್ಷ ಮುಂದಕ್ಕೆ ಹಾಕಿತು. 2.8 ಎಂಬ ಆವೃತ್ತಿ ಬರುವುದೇ ಇಲ್ಲ ಎಂದು 2011ರಲ್ಲಿಯೇ ಬರೆದು ತಿಳಿಸಿಯೂ ಆಗಿತ್ತು. ಇಷ್ಟೆಲ್ಲ ಆದರೂ, ಗಡುವು ಹತ್ತಿರವಾದಾಗ ನಡುನೀರಿನಲ್ಲಿ ಕೈಬಿಟ್ಟರು ಎಂಬ ದೂರು ಕೇಳಿಬಂತು. ಇನ್ನೂ ಒಂದಷ್ಟು ವರ್ಷ ಯಾಕೆ ನೋಡಿಕೊಳ್ಳಬಾರದು ಎಂದು ಕೇಳುವವರು ಇವತ್ತಿಗೂ ಸಿಗುತ್ತಾರೆ.

ಈ ನಿರೀಕ್ಷೆ ಅನ್ಯಾಯದ್ದು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಅದರಿಂದ ಕೊನೆಗೆ ನಿರೀಕ್ಷಿಸುವವರಿಗೂ ನಷ್ಟವೇ.

ಹಳೆಯ ಆವೃತ್ತಿಯನ್ನು ನೋಡಿಕೊಳ್ಳುವುದೆಂದರೆ ಅದನ್ನು ಸುಮ್ಮನೆ ಇಟ್ಟುಕೊಳ್ಳುವುದಲ್ಲ. ಹೊಸ ಆವೃತ್ತಿಯಲ್ಲಿ ಒಂದು ಭದ್ರತಾ ದೋಷ ಸಿಕ್ಕಿತು ಅನ್ನಿ. ಅದು ಹಳೆಯದರಲ್ಲೂ ಇದೆಯೇ ಎಂದು ಯಾರಾದರೂ ಕೂತು ನೋಡಬೇಕು. ಇದ್ದರೆ ಹೊಸದಕ್ಕೆ ಬರೆದ ಪ್ಯಾಚ್ ಅಲ್ಲಿ ಹಾಗೇ ಕೂರುವುದಿಲ್ಲ, ಮತ್ತೆ ಬರೆಯಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಪರೀಕ್ಷೆ ಆಗಬೇಕು. ಒಂದು ಸಣ್ಣ ವಿವರ ಸಾಕು: ವಿಂಡೋಸ್‌ಗಾಗಿ ಪೈಥಾನ್ 2.7 ಕಟ್ಟಲು ಬೇಕಿದ್ದದ್ದು ಮೈಕ್ರೋಸಾಫ್ಟ್‌ನ 2008ರ ಕಂಪೈಲರ್. ಕೊನೆಯ ಬಿಡುಗಡೆಯವರೆಗೂ ಅದನ್ನೇ ಜೀವಂತ ಇಟ್ಟುಕೊಂಡು ದುಡಿಯಬೇಕಾಯಿತು. 2014ರ ಹೊತ್ತಿಗೆ ನೆಟ್‌ವರ್ಕ್ ಭದ್ರತೆಯ ಭಾಗ ತೀರಾ ಹಳತಾಗಿದೆ ಎಂದು ಕಂಡಾಗ, ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂಬ ತಮ್ಮದೇ ನಿಯಮ ಸಡಿಲಿಸಿ ಪೈಥಾನ್ 3ರ ಆ ಭಾಗವನ್ನು 2.7.9ಕ್ಕೆ ಇಳಿಸಿಕೊಟ್ಟರು. ಇದನ್ನು ಮಾಡಿದವರಲ್ಲಿ ಬಹುಪಾಲು ಜನ ಹಗಲು ಬೇರೆ ನೌಕರಿ ಮಾಡಿ, ಸಂಜೆಯ ಮತ್ತು ರಜೆಯ ಹೊತ್ತನ್ನು ಇದಕ್ಕೆ ಕೊಟ್ಟವರು.

ಪೈಥಾನ್ 3 ತರುವಾಗ ಅವರು ಹಳೆಯದರೊಂದಿಗಿನ ಹೊಂದಾಣಿಕೆಯನ್ನು ಯಾಕೆ ಮುರಿದರು ಎಂಬುದಕ್ಕೆ ಕನ್ನಡದಲ್ಲೇ ಉತ್ತರವಿದೆ. ಪೈಥಾನ್ 2ರಲ್ಲಿ 'ಕನ್ನಡ' ಎಂಬ ಪದವನ್ನು ಮಾಮೂಲಿಯಾಗಿ ಬರೆದು ಅದರ ಉದ್ದ ಕೇಳಿದರೆ 15 ಎನ್ನುತ್ತಿತ್ತು. ಅದು ಎಣಿಸುತ್ತಿದ್ದದ್ದು ಅಕ್ಷರಗಳನ್ನಲ್ಲ, ಯುಟಿಎಫ್-8ರ ಬೈಟ್‌ಗಳನ್ನು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಪೈಥಾನ್ 3 ಅದೇ ಪದಕ್ಕೆ 5 ಎನ್ನುತ್ತದೆ: ಕ, ನ, ಹಲಂತ, ನ, ಡ. ಹಳೆಯದರಲ್ಲಿ ಬೈಟ್‌ಗಳ ಪಠ್ಯ ಮತ್ತು ಯೂನಿಕೋಡ್ ಪಠ್ಯ ಒಂದಕ್ಕೊಂದು ತಾಕಿದರೆ ಸಾಕು, ಆಸ್ಕಿ ಪದ್ಧತಿಗೆ ಈ ಬೈಟ್ ಅರ್ಥವಾಗುವುದಿಲ್ಲ ಎಂದು ಪ್ರೋಗ್ರಾಂ ಅಲ್ಲೇ ಕೂತುಬಿಡುತ್ತಿತ್ತು. ಇಂಗ್ಲಿಷ್ ಪಠ್ಯ ಕೊಟ್ಟು ಪರೀಕ್ಷಿಸಿದಾಗ ಎಲ್ಲ ಸರಿಯಿದ್ದು, ಮೊದಲ ಕನ್ನಡ ಹೆಸರು ಬಂದ ಕೂಡಲೇ ಕೆಡುವ ತಂತ್ರಾಂಶಗಳ ಮೂಲ ಇದೇ. ಕನ್ನಡ, ತಮಿಳು, ಜಪಾನಿ ಬರೆಯುವವರಿಗೆ ಪೈಥಾನ್ 3 ಶೋಕಿಯಾಗಿರಲಿಲ್ಲ, ನ್ಯಾಯವಾಗಿತ್ತು. ತಾವು ಆಗಲೇ ತಿದ್ದಿದ ತಪ್ಪಿನೊಳಗೇ ಇನ್ನೂ ಹತ್ತು ವರ್ಷ ಸಂಸಾರ ಮಾಡಿ ಎಂದು ಆ ತಂಡವನ್ನು ಕೇಳುವುದು ಯಾವ ಲೆಕ್ಕದಲ್ಲಿ ಸರಿ?

ತಂಡದ ತಪ್ಪೂ ಇತ್ತು. 2008ರ ಡಿಸೆಂಬರಿನಲ್ಲಿ ಬಂದ 3.0, ಯೂನಿಕೋಡ್ ಪಠ್ಯಕ್ಕೆ ಮುಂದೆ ಹಚ್ಚುತ್ತಿದ್ದ 'ಯು' ಗುರುತನ್ನೇ ಕಿತ್ತುಹಾಕಿತ್ತು. ಇದರಿಂದ ಎರಡೂ ಆವೃತ್ತಿಗಳಲ್ಲಿ ಓಡುವ ಒಂದೇ ಕೋಡ್ ಬರೆಯುವುದು ಕಷ್ಟವಾಯಿತು. 2012ರ 3.3ರಲ್ಲಿ ಅದನ್ನು ಮರಳಿ ತಂದರು. ಆ ನಾಲ್ಕು ವರ್ಷಗಳ ಬಳಕೆದಾರರ ಸಿಟ್ಟಿಗೆ ಕಾರಣವಿತ್ತು ಎಂದು ಒಪ್ಪುತ್ತೇನೆ. ಆದರೆ 2017ರ ಹೊತ್ತಿಗೆ ಇನ್‌ಸ್ಟಾಗ್ರಾಂನಂಥ ದೈತ್ಯ ಸೇವೆಯೇ ಓಡುತ್ತಿದ್ದಂತೆಯೇ ಪೈಥಾನ್ 3ಕ್ಕೆ ದಾಟಿಕೊಂಡಿತ್ತು. ಆಮೇಲೂ ದಾಟದೆ ಉಳಿದ ಶ್ರೀಮಂತ ಸಂಸ್ಥೆಗಳಿಗೆ ತಾಂತ್ರಿಕ ನೆಪ ಉಳಿದಿರಲಿಲ್ಲ. ಖರ್ಚು ಮಾಡುವ ಮನಸ್ಸಿರಲಿಲ್ಲ, ಅಷ್ಟೆ.

ಹಳೆಯದನ್ನು ಬಿಡಲಾಗದ ಒತ್ತಡ ಎಲ್ಲಿಗೆ ಒಯ್ಯುತ್ತದೆ ಎಂಬುದು 2021ರ ಡಿಸೆಂಬರಿನಲ್ಲಿ ಕಂಡಿತು. ಜಾವಾ ಜಗತ್ತಿನ ಉದ್ದಗಲಕ್ಕೂ ಬಳಕೆಯಲ್ಲಿದ್ದ ಲಾಗ್‌4ಜೆ ಎಂಬ ಲೈಬ್ರರಿಯಲ್ಲಿ ಮಹಾ ದೋಷವೊಂದು ಬಯಲಾಯಿತು. ಲಾಗ್‌ಗೆ ಹೋಗುವ ಒಂದು ಸಾಲು ಪಠ್ಯದ ಮೂಲಕ ದೂರದಲ್ಲಿ ಕೂತವರು ಸರ್ವರ್ ಮೇಲೆ ತಮ್ಮ ಕೋಡ್ ಓಡಿಸಬಹುದಿತ್ತು. ಆ ಬಾಗಿಲು ತೆರೆದ ಸೌಲಭ್ಯ ತಮಗೇ ಇಷ್ಟವಿರಲಿಲ್ಲ, ಹಳೆಯ ಬಳಕೆದಾರರ ಕೆಲಸ ಕೆಡಬಾರದೆಂದು ಉಳಿಸಿಕೊಂಡಿದ್ದೆವು ಎಂದು ತಂಡದವರೊಬ್ಬರು ಆಗಲೇ ಹೇಳಿದರು. ಸಂಬಳವಿಲ್ಲದ ಆ ಕೆಲವೇ ಮಂದಿ ನಿದ್ದೆಗೆಟ್ಟು ಪ್ಯಾಚ್ ಬರೆಯುತ್ತಿದ್ದರೆ, ಲೈಬ್ರರಿಯಿಂದ ಲಾಭ ಮಾಡಿಕೊಂಡವರು ಅವರನ್ನೇ ಬೈದರು.

ಅದೇ ಲೈಬ್ರರಿಯ ಮೊದಲ ಸರಣಿಯ ಬೆಂಬಲ 2015ರಲ್ಲಿಯೇ ಮುಗಿದಿತ್ತು. ಆದರೂ ಅದನ್ನು ಬಳಸುವವರು ಅಸಂಖ್ಯ. ಅದನ್ನು ಮೊದಲು ಬರೆದ ಜೆಕಿ ಗುಲ್ಜು 2022ರಲ್ಲಿ ರಿಲೋಡ್‌4ಜೆ ಎಂಬ ಹೆಸರಿನಲ್ಲಿ ಅದರ ಕವಲೊಂದನ್ನು ತೆಗೆದು ದೋಷಗಳನ್ನು ಸರಿಪಡಿಸಿದರು. ಮುಕ್ತ ತಂತ್ರಾಂಶದ ಲೈಸೆನ್ಸ್ ಕೊಡುವ ಹಕ್ಕು ಇದು: ಕೋಡ್ ನಿಮ್ಮ ಕೈಯಲ್ಲಿದೆ, ಬೇಕಿದ್ದರೆ ನೀವೇ ಮುಂದುವರಿಸಿ. ಬೇರೊಬ್ಬರ ಸಂಜೆಯ ಮೇಲೆ ಅದು ಹಕ್ಕು ಕೊಡುವುದಿಲ್ಲ. ಯಾವ ಖಾತರಿಯೂ ಇಲ್ಲದೆ, ಇದ್ದದ್ದು ಇದ್ದ ಹಾಗೆ ಕೊಡುತ್ತಿದ್ದೇವೆ ಎಂದು ಆ ಲೈಸೆನ್ಸ್‌ನಲ್ಲೇ ಬರೆದಿರುತ್ತದೆ.

ಈ ಮಾತು ಬೆಂಗಳೂರಿಗೆ ಚೆನ್ನಾಗಿ ಅರ್ಥವಾಗಬೇಕು. ಇಲ್ಲಿನ ಸಾಫ್ಟ್‌ವೇರ್ ಉದ್ಯಮದ ದೊಡ್ಡ ಪಾಲು ನಿಂತಿರುವುದೇ ವಿದೇಶಿ ಗ್ರಾಹಕರ ಹಳೆಯ ವ್ಯವಸ್ಥೆಗಳ ನಿರ್ವಹಣೆಯ ಮೇಲೆ. ಗಂಟೆಗೆ ಎಷ್ಟು, ರಾತ್ರಿ ಪಾಳಿಗೆ ಎಷ್ಟು, ತುರ್ತು ಟಿಕೆಟ್‌ಗೆ ಎಷ್ಟು ಎಂಬ ಲೆಕ್ಕ ಇಲ್ಲಿ ಎಲ್ಲರಿಗೂ ಗೊತ್ತು. ಅಪಾರ್ಟ್‌ಮೆಂಟಿನ ಲಿಫ್ಟಿಗೂ ವರ್ಷ ವರ್ಷ ಎಎಂಸಿ ಕಟ್ಟುವ ಊರಿದು. ಗ್ರಾಹಕರಿಗೆ ಬಿಲ್ ಹಾಕುವ ಅದೇ ಕೆಲಸವನ್ನು, ತಮ್ಮ ಕೋಡ್‌ನ ಅಡಿಯಲ್ಲಿರುವ ಲೈಬ್ರರಿಯ ವಿಷಯ ಬಂದಾಗ ಮಾತ್ರ, ಇನ್ನೊಬ್ಬರು ಧರ್ಮಕ್ಕೆ ಮಾಡಲಿ ಎನ್ನುವುದು ತರವಲ್ಲ.

ಹಾಗಾದರೆ ಹಣವಿಲ್ಲದ ಕಾಲೇಜು, ಸಣ್ಣ ಆಸ್ಪತ್ರೆ, ಗ್ರಂಥಾಲಯಗಳ ಗತಿಯೇನು? ಈ ಪ್ರಶ್ನೆ ನಿಜವಾದದ್ದು. ಅವರ ಕೋರಿಕೆಯನ್ನು ದೊಡ್ಡ ಕಂಪನಿಯ ತಗಾದೆಯ ಜೊತೆ ಒಂದೇ ತಕ್ಕಡಿಯಲ್ಲಿ ಇಡಲಾರೆ. ಆದರೆ ಅವರ ಭಾರವನ್ನೂ ಸ್ವಯಂಸೇವಕರ ತಲೆಗೆ ಕಟ್ಟಬೇಕಿಲ್ಲ. ರೆಡ್ ಹ್ಯಾಟ್ ತನ್ನ ಚಂದಾದಾರರಿಗಾಗಿ ಪೈಥಾನ್ 2.7ಅನ್ನು 2024ರ ಜೂನ್‌ವರೆಗೆ ನೋಡಿಕೊಂಡಿತು. ಆ ಕೆಲಸಕ್ಕೆ ಸಂಬಳವಿತ್ತು. ಡೆಬಿಯನ್‌ನದು ನನಗೆ ಇನ್ನೂ ಮೆಚ್ಚಿನ ದಾರಿ. ಅಲ್ಲಿ ಹಳೆಯ ಆವೃತ್ತಿಗಳ ದೀರ್ಘಕಾಲದ ಬೆಂಬಲಕ್ಕೆ ಕಂಪನಿಗಳು ಸೇರಿ ದುಡ್ಡು ಹಾಕುತ್ತವೆ, ಕೆಲಸ ಮಾಡುವವರಿಗೆ ಗಂಟೆಯ ಲೆಕ್ಕದಲ್ಲಿ ಕೂಲಿ ಸಿಗುತ್ತದೆ, ಅವರು ಬರೆದ ಪ್ಯಾಚ್ ದುಡ್ಡು ಕೊಡದ ಗ್ರಂಥಾಲಯಕ್ಕೂ ತಲುಪುತ್ತದೆ. ಹಳೆಯ ಆವೃತ್ತಿ ಇನ್ನೂ ಬೇಕು ಎನ್ನುವ ನಮ್ಮ ಕಂಪನಿಗಳು ಕೇಳಬೇಕಾದ ಮೊದಲ ಪ್ರಶ್ನೆ, ಇಂಥ ನಿಧಿಗೆ ಈ ವರ್ಷ ನಾವೆಷ್ಟು ಹಾಕಿದೆವು ಎಂಬುದು.