ಅಡ್ಡಗೆರೆಯ ಕಥೆಗಳನ್ನು ಓದುವ ಬಗೆ

ಧಾರಾವಾಹಿ, ಸಿನಿಮಾ, ಕಾದಂಬರಿಗಳ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಬರೆಯುವ ಕಥೆಗಳಿಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಬರೆಯುವವರಲ್ಲೂ ಓದುವವರಲ್ಲೂ ಹೆಣ್ಣುಮಕ್ಕಳೇ ಹೆಚ್ಚು. ಇಲ್ಲಿ ಲೇಖಕಿ ತನಗೇನು ಇಷ್ಟವೆಂಬುದನ್ನು ಮುಚ್ಚಿಡುವುದಿಲ್ಲ; ಆ ಇಷ್ಟವೇ ಈ ಪ್ರಕಾರದ ಜೀವಾಳ. 2009ರಲ್ಲಿ ಸಾರ್ವಜನಿಕರಿಗೆ ತೆರೆದ ‘ಆರ್ಕೈವ್ ಆಫ್ ಅವರ್ ಓನ್’ ಕಥಾಭಂಡಾರದಲ್ಲಿ ಪ್ರತಿ ಕಥೆಯ ನೆತ್ತಿಯ ಮೇಲೂ ಟ್ಯಾಗುಗಳ ಸಾಲಿರುತ್ತದೆ. ಎರಡು ಹೆಸರುಗಳ ನಡುವೆ ಅಡ್ಡಗೆರೆ (/) ಇದ್ದರೆ ಪ್ರಣಯ, ಆ್ಯಂಪರ್ಸ್ಯಾಂಡ್ (&) ಇದ್ದರೆ ಸ್ನೇಹ. ವಯಸ್ಕರಿಗೆ ಮಾತ್ರವೇ, ಹಿಂಸೆಯಿದೆಯೇ, ಒಲವು ನಿಧಾನಕ್ಕೆ ಕಾವೇರುವ ‘ಸ್ಲೋ ಬರ್ನ್’ ಕಥೆಯೇ ಎಂಬುದೂ ಸಾಮಾನ್ಯವಾಗಿ ಅಲ್ಲೇ ತಿಳಿಯುತ್ತದೆ. ಈ ಸಾಲನ್ನು ಹಾರಿಸಿ ಓದಬೇಡಿ. ಬೇಕಾದ್ದನ್ನು ಆರಿಸಿಕೊಳ್ಳುವ, ಬೇಡದ್ದನ್ನು ಬಿಡುವ ಹಕ್ಕು ಓದುವವಳಿಗಿದೆ ಎಂಬ ಒಪ್ಪಂದ ಅದು.

ಒಂದೇ ಜೋಡಿಯ ಬಗ್ಗೆ ಸಾವಿರ ಕಥೆ ಯಾಕೆ ಎಂದು ಕೇಳುವವರುಂಟು. ತಾಳಮದ್ದಳೆಗೆ ಹೋಗುವವರು ಕರ್ಣನ ಗತಿ ಏನಾಯಿತೆಂದು ತಿಳಿಯಲು ಹೋಗುವುದಿಲ್ಲ. ಈ ಅರ್ಥಧಾರಿ ಇವತ್ತು ಅವನಿಂದ ಏನು ಆಡಿಸುತ್ತಾರೆಂದು ಕೇಳಲು ಹೋಗುತ್ತಾರೆ. ಇಲ್ಲಿಯೂ ಸ್ವಾರಸ್ಯವಿರುವುದು ವಿಸ್ತಾರದಲ್ಲಿ. 1967ರ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕಂತೊಂದರಲ್ಲಿ ಅನ್ಯಗ್ರಹದ ವಲ್ಕನ್ ಕುಲದ ಸ್ಪಾಕ್‌ನ ತಂದೆತಾಯಿ ಎರಡೆರಡು ಬೆರಳು ತಾಗಿಸಿ ಒಲವು ತೋರುತ್ತಾರೆ. ಅಷ್ಟನ್ನೇ ಹಿಡಿದು ಅಭಿಮಾನಿ ಲೇಖಕಿಯರು ವಲ್ಕನ್ನರಿಗೆ ಕೈಗಳೇ ಕಾಮದ ತಾಣವೆಂಬ ಕಲ್ಪನೆ ಬೆಳೆಸಿದರು. ನೌಕೆಯ ಕ್ಯಾಪ್ಟನ್ ಕರ್ಕ್ ಏನೂ ತಿಳಿಯದೆ ಸ್ಪಾಕ್‌ನ ಕೈ ಹಿಡಿದರೆ ಸಾಕು, ಒಂದು ಪುಟ ಕಂಪಿಸುತ್ತದೆ. ಅದನ್ನು ಗುರುತಿಸಲು ಕಲಿತವರಿಗೆ ಶಯ್ಯೆಯ ವರ್ಣನೆಗಿಂತ ಈ ಸ್ಪರ್ಶವೇ ಹೆಚ್ಚು ಹೇಳೀತು.

ಹೆಂಗಸರು ಇಬ್ಬರು ಗಂಡಸರ ಪ್ರಣಯವನ್ನೇಕೆ ಬರೆಯುತ್ತಾರೆ? ಸ್ತ್ರೀವಾದಿ ಲೇಖಕಿ ಜೊವಾನಾ ರಸ್ 1985ರಲ್ಲೇ ಇದನ್ನು ಗಂಭೀರವಾಗಿ ಚರ್ಚಿಸಿ, ಹೆಂಗಸರ ಲೈಂಗಿಕ ಕಲ್ಪನೆಯ ಬರಹವಾಗಿಯೇ ಈ ಕಥೆಗಳನ್ನು ಓದಿದರು. ಇಬ್ಬರೂ ಸಮಾನರಾದಾಗ ಯಾರು ತಗ್ಗಬೇಕು, ಯಾರು ಮನೆ ನೋಡಿಕೊಳ್ಳಬೇಕು ಎಂಬುದು ಮೊದಲೇ ನಿಗದಿಯಾಗಿರುವುದಿಲ್ಲ. ನಂಬಿಕೆಯನ್ನೂ ಬಯಕೆಯನ್ನೂ ಒಟ್ಟಿಗೆ ಕಲ್ಪಿಸಬಹುದು. ಹಾಗಾದರೆ ಹೆಣ್ಣೇ ಕಥೆಯಿಂದ ಮಾಯವಾದಳಲ್ಲ ಎಂಬ ಆಕ್ಷೇಪ ತೂಕದ್ದು. ಮೊದಲು ಹೇಳಿದ ಕಥಾಭಂಡಾರದಲ್ಲಿ ಗಂಡು–ಗಂಡು ವಿಭಾಗವೇ ದೊಡ್ಡದೆಂಬುದು ನಿಜ. ಆದರೆ ಹೆಣ್ಣು–ಹೆಣ್ಣಿನ, ಹೆಣ್ಣು–ಗಂಡಿನ ಕಥೆಗಳೂ ಕಾಮವೇ ಇಲ್ಲದ ಕಥೆಗಳೂ ಅಲ್ಲೇ ಇವೆ. ಹೆಂಗಸರೆಲ್ಲರ ಬಯಕೆ ಒಂದೇ ಅಚ್ಚಿನದಲ್ಲ ಎಂಬುದಕ್ಕೆ ಈ ವೈವಿಧ್ಯವೇ ಸಾಕ್ಷಿ. ಇದೆಲ್ಲ ಬರಿಯ ಅಶ್ಲೀಲ ಎನ್ನುವವರು ಕಾಮದ ಸನ್ನಿವೇಶ ಪಾತ್ರವನ್ನು ಬದಲಿಸಿತೇ ಎಂದು ನೋಡಲಿ. ನಿಮ್ಮ ರುಚಿಗೆ ಒಗ್ಗಲಿಲ್ಲವೆಂದ ಮಾತ್ರಕ್ಕೆ ಕಥೆ ಕೆಟ್ಟದ್ದಲ್ಲ. ಟ್ಯಾಗಿನಲ್ಲಿ ಕೊಟ್ಟ ಮಾತನ್ನು ಲೇಖಕಿ ಎಷ್ಟು ಸೊಗಸಾಗಿ ನಡೆಸಿಕೊಟ್ಟಳು ಎಂದು ನೋಡಿ ಬೆಲೆ ಕಟ್ಟಿ.