ಕವಿಮನೆಯಲ್ಲಿ ಗುತ್ತಿಯ ಜಾಗ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಹಿರಿಯರ ಮನೆ ಈಗ ‘ಕವಿಮನೆ’ ಅನ್ನುವ ಮ್ಯೂಸಿಯಂ. ಹೆಂಚಿನ ದೊಡ್ಡ ಮನೆ, ಮರದ ಕಂಬ, ನಡುವೆ ಅಂಗಳ, ಮೇಲೆ ಉಪ್ಪರಿಗೆ. ಕವಿಯ ಬಟ್ಟೆಬರೆ, ಪುಸ್ತಕ, ಅವರ ಮದುವೆಯ ಮಂಟಪ, ಹಳೆಯ ಪಾತ್ರೆಗಳು, ಬೇಸಾಯದ ಸಾಮಾನು ಎಲ್ಲ ಅಲ್ಲಿವೆ. ಒಬ್ಬ ಲೇಖಕನಿಗೂ ಒಂದು ಸೀಮೆಗೂ ಇರುವ ನಂಟನ್ನು ತೋರಿಸುವ ಪ್ರದರ್ಶನ ಅಂದರೆ ನನಗೆ ಮೊದಲು ನೆನಪಾಗುವುದು ಇದೇ. ಹಾಗಾಗಿ ಇದನ್ನೂ ಒಂದು ಕೃತಿಯಂತೆ ಓದಬೇಕು. ಇಲ್ಲಿ ಯಾರಿದ್ದಾರೆ, ಯಾರಿಲ್ಲ?

ಇರುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಹುಡುಗರು ಇವತ್ತು ಟಿಕೆಟ್ ತಗೊಂಡು ಜಗಲಿ ಹತ್ತಿ, ನಡುಮನೆ ದಾಟಿ ಅಡುಗೆಮನೆವರೆಗೂ ಹೋಗಿಬರುತ್ತಾರೆ. ಮಲೆನಾಡಿನ ಗೌಡಿಕೆ ಮನೆಗಳ ಜಗಲಿಯಾಚೆಗೇ ತಲೆಮಾರುಗಟ್ಟಲೆ ನಿಂತವರ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಇನ್ನು ಇಲ್ಲದ್ದು. ಬೇಸಾಯದ ಸಾಮಾನಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಅವುಗಳ ಹಿಡಿಯನ್ನು ಸವೆಸಿದ ಕೈ ಯಾರದು ಅನ್ನುವುದು ಎಲ್ಲೂ ಕಣ್ಣಿಗೆ ಬೀಳಲಿಲ್ಲ. ಇದು ಈ ಮನೆಯೊಂದರ ಮೇಲೆ ಹೊರಿಸುವ ತಪ್ಪಲ್ಲ. ಮನೆಯನ್ನೇ ಮ್ಯೂಸಿಯಂ ಮಾಡಿದರೆ ಮನೆಯೊಳಗಿನವರ ಕಥೆಯೇ ಮುಂದೆ ಬರುತ್ತದೆ. ಕೇರಿಯ ಗುಡಿಸಲು ಹುಲ್ಲಿನದು. ನಾಲ್ಕು ಮಳೆಗಾಲ ಹೊದಿಸದೆ ಬಿಟ್ಟರೆ ಮಣ್ಣಿಗೆ ಮಣ್ಣು. ಅದನ್ನು ಯಾರು ಸ್ವಾಮಿ ಉಳಿಸಿ, ಬಾಗಿಲಿಗೆ ಬೋರ್ಡು ಹಾಕುತ್ತಾರೆ? 2015ರ ನವೆಂಬರಿನಲ್ಲಿ ಕಳ್ಳರು ಕವಿಮನೆಗೆ ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದಾಗ ನಾಡೆಲ್ಲ ಮರುಗಿತು; ಮರುಗಬೇಕಾದ್ದೇ. ಕೇರಿ ಕಳಕೊಂಡದ್ದಕ್ಕೆ ಯಾವ ಠಾಣೆಯಲ್ಲೂ ದೂರಿಲ್ಲ.

ಆದರೆ ಪ್ರದರ್ಶನ ಬಿಟ್ಟದ್ದನ್ನು ಈ ಮನೆಯ ಮಗ ಬಿಟ್ಟಿರಲಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಶುರುವಾಗುವುದೇ ಸಿಂಬಾವಿ ಹೆಗ್ಗಡೆಯವರ ಜೀತದಾಳು, ಹೊಲೆಯರ ಗುತ್ತಿ, ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆಯುವುದರಿಂದ. ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಹೊರಟವನು ಅವನು. ತುಂಗೆ, ಮೇಗರವಳ್ಳಿ, ಹಳುವಿನ ಒಳದಾರಿಗಳು ಎಲ್ಲ ನಮಗೆ ಗೊತ್ತಾಗುವುದು ಅವನ ಕಾಲಿನಿಂದ. ಗೌಡರ ಜಗಲಿಯಲ್ಲಿ ಕೂತವರಿಗೆ ಆ ಸೀಮೆ ಅಷ್ಟು ಕಾಣುವುದಿಲ್ಲ. ಗುತ್ತಿಯನ್ನು ನೋಡುವ ಕಣ್ಣು ಕೊನೆಗೂ ದೊಡ್ಡ ಮನೆಯದೇ ಅನ್ನುವ ತಕರಾರು ನನಗೂ ಇದೆ. ನಾಯಿಯ ಜೊತೆ ಸೇರಿಸಿ ಅವನನ್ನು ‘ನಾಯಿಗುತ್ತಿ’ ಅನ್ನುತ್ತಾರಲ್ಲ, ಅದನ್ನು ಓದಿ ನಗಲು ನನ್ನ ಕೈಲಾಗುವುದಿಲ್ಲ. ಆದರೂ ಅವನಿಗೆ ಆಸೆಯಿದೆ, ಹೆದರಿಕೆಯಿದೆ, ಕಿಲಾಡಿತನವಿದೆ, ಹೆಸರಿದೆ. ಕಾದಂಬರಿ ಕೊಟ್ಟ ಇಷ್ಟನ್ನೂ ಪ್ರದರ್ಶನ ಕೊಡದಿದ್ದರೆ ಅದು ಕುವೆಂಪು ಅವರನ್ನೇ ಸರಿಯಾಗಿ ಓದಿಲ್ಲ ಅಂತ ಅರ್ಥ.

ಮೇಲೆ ಕವಿಶೈಲದ ಬಂಡೆಯಲ್ಲಿ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಹೆಸರುಗಳನ್ನು ಕೆತ್ತಿದೆ. ಇರಲಿ. ಅಲ್ಲಿ ಇನ್ನೊಂದು ಹೆಸರು ಕೆತ್ತಿ ಅಂತ ನಾನು ಕೇಳುತ್ತಿಲ್ಲ. ಇಂಥ ಮನೆಗಳ ಗದ್ದೆಯಲ್ಲಿ ಸಸಿ ನೆಟ್ಟವರ ಮಕ್ಕಳು, ಮೊಮ್ಮಕ್ಕಳು ಮಲೆನಾಡಿನ ಕೇರಿಗಳಲ್ಲಿದ್ದಾರೆ. ಅವರ ಮಾತು, ಸಾಲದ ಲೆಕ್ಕ, ನೆಟ್ಟಿಯ ಹಾಡು ಆ ಸಾಮಾನಿನ ಪಕ್ಕದಲ್ಲಿ ಕೇಳಿಸಬೇಕು. ಅದನ್ನು ಕೂಡಿಹಾಕುವ ಕೆಲಸ ನಮ್ಮ ವಿದ್ಯಾರ್ಥಿಗಳು ಹಿಡಿಯಬೇಕು, ಅದೂ ಬೇಗ. ಕಾನೂನಿನಲ್ಲಿ ಜೀತ ರದ್ದಾದದ್ದು 1976ರಲ್ಲಿ. ಅದಕ್ಕೆ ಮೊದಲು ದುಡಿದವರಿಗೆ ಈಗ ವಯಸ್ಸಾಗಿದೆ.