‘ಸ್ಪರ್ನ್’ ಎಂಬ ಆಂಗ್ಲ ಕ್ರಿಯಾಪದವೂ ಕುಮಾರರಾಮನ ನಿರಾಕರಣವೂ

ನಂಜುಂಡಕವಿಯ ‘ರಾಮನಾಥ ಚರಿತೆ’ಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಹೊರಟವರಿಗೆ ರತ್ನಾಜಿಯ ಪ್ರಸಂಗದಲ್ಲಿ ‘ಸ್ಪರ್ನ್’ ಎಂಬ ಕ್ರಿಯಾಪದವು ಬಹು ಸುಲಭವಾಗಿ ಒದಗಿಬರುವುದು. ಅದನ್ನೇ ಮತ್ತೆ ಕನ್ನಡಕ್ಕೆ ತಿರುಗಿಸಿದಾಗ ‘ರಾಮನು ರತ್ನಾಜಿಯನ್ನು ತಿರಸ್ಕರಿಸಿದನು’ ಎಂಬ ವಾಕ್ಯವು ಹುಟ್ಟುತ್ತದೆ. ಈ ಎರಡು ಮಾತುಗಳೂ ಒಂದೇ ಅರ್ಥದವಲ್ಲ. ಎರಡೂ ಕುಮಾರರಾಮನು ಮಾಡಿದುದನ್ನು ಸರಿಯಾಗಿ ಹೇಳುವುದಿಲ್ಲ. ಕಥಾನಾಯಕನ ಶೀಲವೆಂಥದೆಂಬ ನಿರ್ಣಯವು ಈ ಒಂದು ಕ್ರಿಯಾಪದದ ಮೇಲೆ ನಿಂತಿರುವುದರಿಂದ ಇದನ್ನು ಕೇವಲ ನಿಘಂಟುಕಾರರ ಚರ್ಚೆಯೆಂದು ಬಿಡುವಂತಿಲ್ಲ.

ನಂಜುಂಡನು ಸುಮಾರು 1525ರಲ್ಲಿದ್ದವನು, ಚೆಂಗಾಳ್ವ ಕುಲದವನು. ಈಗಿನ ಪಿರಿಯಾಪಟ್ಟಣ, ಹುಣಸೂರುಗಳ ಸುತ್ತಣ ಪ್ರಾಂತವೂ ಅದಕ್ಕೆ ಹೊಂದಿದ ಕೊಡಗಿನ ಭಾಗವೂ ಆ ಅರಸರ ನಾಡು. ಪಿರಿಯರಾಜನು ಊರನ್ನು ಊರ್ಜಿತಗೊಳಿಸಿ ತನ್ನ ಹೆಸರನ್ನಿಟ್ಟದ್ದು ಕವಿಯ ಕಾಲಕ್ಕಿಂತ ಈಚೆಗೆ, ಆ ಶತಮಾನದ ಕೊನೆಯಲ್ಲಿ. ಕವಿಯು ಸಾಂಗತ್ಯಕ್ಕೆ ಆರಿಸಿಕೊಂಡದ್ದು ತನ್ನ ನಾಡಿನ ಕಥೆಯನ್ನಲ್ಲ, ದೂರದ ಕಂಪಿಲಿಯ ಕಥೆಯನ್ನು. ಕಂಪಿಲರಾಯನ ಮಗನಾದ ರಾಮನು ಚೆಂಡಾಟದಲ್ಲಿ ಅಂತಃಪುರಕ್ಕೆ ಬಿದ್ದ ಚೆಂಡನ್ನು ತರಲು ಹೋಗುತ್ತಾನೆ. ತಂದೆಯ ಕಿರಿಯ ರಾಣಿಯಾದ ರತ್ನಾಜಿಯು ಅವನನ್ನು ಮೋಹಿಸಿ ಬೇಡುತ್ತಾಳೆ. ಅವನು ತಾಯಿಯೆಂದು ಕರೆದು ಬಿಡಿಸಿಕೊಂಡು ಹೊರಟುಹೋಗುತ್ತಾನೆ. ಆಕೆಯ ದೂರನ್ನು ನಂಬಿದ ಕಂಪಿಲನು ಮಗನ ತಲೆಯನ್ನು ತೆಗೆಯಿಸಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ಅವನನ್ನು ಅಡಗಿಸಿ ಉಳಿಸುತ್ತಾನೆ.

ಈಗ ಆಂಗ್ಲ ಪದವನ್ನು ನೋಡಬೇಕು. ‘ಸ್ಪರ್ನ್’ ಎಂಬುದರ ಮೊದಲ ಅರ್ಥ ಕಾಲಿನಿಂದ ಒದೆ ಎಂಬುದು. ಕುದುರೆಯ ಸವಾರನು ಹಿಮ್ಮಡಿಗೆ ಕಟ್ಟುವ ಮುಳ್ಳಿನ ಹೆಸರಾದ ‘ಸ್ಪರ್’ ಇದರ ಬಳಗದ್ದೇ. ಷೇಕ್ಸ್‌ಪಿಯರನ ಕಾಲಕ್ಕೂ ಈ ಕಾಲು ಪದದೊಳಗಿಂದ ಜಾರಿರಲಿಲ್ಲ. ‘ಕಾಮಿಡಿ ಆಫ್ ಎರರ್ಸ್’ ನಾಟಕದ ಎರಡನೆಯ ಅಂಕದಲ್ಲಿ ಒಡೆಯನಿಗೂ ಒಡತಿಗೂ ನಡುವೆ ಅಟ್ಟಾಡಿಸಿಕೊಳ್ಳುವ ಸೇವಕನು ತನ್ನನ್ನು ಕಾಲ್ಚೆಂಡಿಗೆ ಹೋಲಿಸಿಕೊಂಡು ಇದೇ ಕ್ರಿಯಾಪದವನ್ನು ಆಡುತ್ತಾನೆ. ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಷೈಲಾಕನು, ಹೊಸ್ತಿಲಿನಿಂದಾಚೆಗೆ ಬೀದಿನಾಯಿಯನ್ನು ನೂಕುವಂತೆ ತನ್ನನ್ನು ಕಂಡವರೇ ಈಗ ಸಾಲಕ್ಕೆ ಬಂದಿದ್ದಾರೆಂದು ಕುದಿಯುವಲ್ಲಿಯೂ ಇದೇ ಪದ, ಅಲ್ಲಿ ಅವಮಾನವೂ ಒದೆಯೂ ಬೇರೆ ಬೇರೆಯಾಗಿಲ್ಲ. ಇಂದಿನ ಬಳಕೆಯಲ್ಲಿ ಒದೆಯು ಮರೆಯಾಗಿ, ಕೊಡಬಂದುದನ್ನು ಅಥವಾ ಒಲಿದು ಬಂದವರನ್ನು ಹೀನವಾಗಿ ಕಂಡು ಬೇಡವೆನ್ನುವುದು ಎಂಬ ಅರ್ಥ ಉಳಿದಿದೆ. ಹೀಗಿದ್ದರೂ ಕೇವಲ ‘ಬೇಡ’ವೆಂದುದಕ್ಕೆ ಆಂಗ್ಲರು ಈ ಪದವನ್ನು ಬಳಸುವುದಿಲ್ಲ, ಹೀನಭಾವವಿರಲೇಬೇಕು. ‘ಸ್ಕಾರ್ನ್’ ಎಂಬುದನ್ನು ಇದರೊಡನೆ ಬೆರಸುವುದು ತರಗತಿಗಳಲ್ಲಿ ಸಾಮಾನ್ಯ. ಅದರ ಮೂಲದಲ್ಲಿರುವುದು ಪರಿಹಾಸ, ಪಾದವಲ್ಲ. ಹೀನೈಸಲ್ಪಟ್ಟ ಹೆಂಗಸಿನ ಕೋಪವನ್ನು ಕುರಿತು ಷೇಕ್ಸ್‌ಪಿಯರನ ಹೆಸರಿನಲ್ಲಿ ಓಡಾಡುತ್ತಿರುವ ಮಾತು ಕಾಂಗ್ರೀವನ 1697ರ ನಾಟಕದ್ದು; ಅದರಲ್ಲಿರುವುದೂ ‘ಸ್ಕಾರ್ನ್’ ಎಂಬುದೇ.

ಸಂಸ್ಕೃತಜ್ಞರಿಗೆ ಇಲ್ಲೊಂದು ಸ್ವಾರಸ್ಯವುಂಟು. ‘ಸ್ಪರ್ನ್’ ಪದಕ್ಕೂ ‘ಸ್ಫುರ್’ ಧಾತುವಿಗೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಋಗ್ವೇದದ ಮೊದಲನೆಯ ಮಂಡಲದ 84ನೆಯ ಸೂಕ್ತದಲ್ಲಿ, ದಾನವಿಲ್ಲದ ಮನುಷ್ಯನನ್ನು ಇಂದ್ರನು ಅಣಬೆಯಂತೆ ಕಾಲಿನಿಂದ ಎಂದು ಒದೆವನೋ ಎಂಬ ಹಂಬಲಿಕೆಯಲ್ಲಿ ಈ ಧಾತುವೇ ಬಂದಿದೆ. ಕನ್ನಡದ ‘ಸ್ಫುರಿಸು’ ಮಾತ್ರ ಆ ಕಾಲನ್ನು ಪೂರಾ ಮರೆತು ಬುದ್ಧಿಯಲ್ಲಿ ಮಿಂಚುವುದಕ್ಕೆ ಸಂದಿದೆ.

ಕನ್ನಡದ ಮಾತುಗಳೋ ಬೇರೆ ಬೇರೆ ಅಂಗಗಳಿಂದ ಹೊರಟಿವೆ. ‘ತಿರಸ್’ ಎಂದರೆ ಮರೆಯಲ್ಲಿ, ತಿರಸ್ಕರಿಣಿಯೆಂದರೆ ತೆರೆ, ತಿರಸ್ಕರಿಸುವುದು ಮೊದಲಿಗೆ ಕಣ್ಣಿನಿಂದ ಮರೆಮಾಡುವುದು. ‘ಕಡೆಗಣಿಸು’ ಎಂಬುದೂ ಕಣ್ಣಿನದೇ, ಕಡೆಗಣ್ಣಿನದು. ‘ಧಿಕ್ಕರಿಸು’ ಬಾಯಿಂದ ‘ಧಿಕ್’ ಎನ್ನುವುದು; ಇದಕ್ಕೆ ಎದುರಾಳಿಯು ಬಲಿಷ್ಠನಾಗಿದ್ದರೆ ಸೊಗಸು. ಕಾಲಿನ ಭಾವ ಬೇಕಾದರೆ ಆಡುಮಾತಿಗೇ ಬರಬೇಕು. ‘ಮನೆಗೆ ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದೆಯುವುದು’, ‘ಕಾಲಕಸ ಮಾಡುವುದು’ ಎಂಬ ನುಡಿಗಳು ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಿತ್ಯ ಕೇಳಿಬರುತ್ತವೆ. ‘ಸ್ಪರ್ನ್’ ಎಂಬುದಕ್ಕೆ ಇವುಗಳಷ್ಟು ಹತ್ತಿರವಾದ ಮಾತು ಗ್ರಂಥಭಾಷೆಯಲ್ಲಿಲ್ಲ. ಗ್ರಾಮ್ಯವೆಂದು ಇವನ್ನು ದೂರವಿಡುವ ಭಾಷಾಂತರಕಾರನು ‘ತಿರಸ್ಕರಿಸು’ ಎಂಬುದನ್ನು ಹೇರಿ ಪದದ ಕಾವನ್ನು ಆರಿಸಿಬಿಡುತ್ತಾನೆ. ಇವೆಲ್ಲವುಗಳಿಂದ ದೂರ ನಿಂತಿರುವುದು ‘ಒಲ್ಲೆ’ ಎಂಬುದು. ಒಲ್ ಎಂಬ ಒಲವಿನ ಧಾತುವಿಗೆ ನಿಷೇಧ ಸೇರಿದ ರೂಪವದು. ಒಲವಿಲ್ಲವೆಂಬಷ್ಟೇ ಅದರ ಅರ್ಥ. ಅದರಲ್ಲಿ ಕಾಲೂ ಇಲ್ಲ, ಕಡೆಗಣ್ಣೂ ಇಲ್ಲ.

ಕುಮಾರರಾಮನ ನಡತೆ ಈ ‘ಒಲ್ಲೆ’ಯ ಜಾತಿಯದು. ಕಾವ್ಯಕ್ಕಿರುವ ಇನ್ನೊಂದು ಹೆಸರೇ ಇದಕ್ಕೆ ಸಾಕ್ಷಿ: ಅದು ‘ಪರದಾರಸೋದರ’ ರಾಮನ ಕಥೆ. ಬಿರುದು ಬಾಂಧವ್ಯವಾಚಕವಾಗಿದೆ; ಪರಸ್ತ್ರೀಯನ್ನು ಜರೆಯುವವನೆಂದಾಗಲಿ ಗೆದ್ದವನೆಂದಾಗಲಿ ಅಲ್ಲ, ಒಡಹುಟ್ಟಿದವನೆಂದು ಅದು ಹೇಳುತ್ತದೆ. ರಾಮನು ರತ್ನಾಜಿಯನ್ನು ಕೆಳಕ್ಕೆ ನೂಕಿ ದೂರವಾಗುವುದಿಲ್ಲ, ತಾಯಿಯ ಸ್ಥಾನಕ್ಕೆ ಏರಿಸಿ ದೂರವಾಗುತ್ತಾನೆ. ಕುಮಾರವ್ಯಾಸನ ಅರಣ್ಯಪರ್ವದಲ್ಲಿ ಅರ್ಜುನನು ಊರ್ವಶಿಗೆ ಮಾಡುವುದೂ ಇದನ್ನೇ. ಪುರೂರವನ ಸಂಬಂಧದಿಂದ ಆಕೆ ಅವನಿಗೆ ತಾಯಿಯ ಸಮಾನಳು. ಅರ್ಜುನನಿಗೆ ಶಾಪ ದೊರೆಯಿತು, ರಾಮನಿಗೆ ಮರಣದಂಡನೆ. ಇವರ ಪಕ್ಕದಲ್ಲಿ ಸಾಲ್ವನನ್ನು ನಿಲ್ಲಿಸಿದರೆ ಭೇದವು ನಿಚ್ಚಳವಾಗುವುದು. ಭೀಷ್ಮನು ಗೆದ್ದೊಯ್ದವಳೆಂಬ ಕಾರಣದಿಂದ, ತನ್ನನ್ನೇ ವರಿಸಿ ಬಂದ ಅಂಬೆಯನ್ನು ಅವನು ಹಿಂದಟ್ಟಿದನು. ‘ಸ್ಪರ್ನ್’ ಎಂಬುದು ಸಲ್ಲತಕ್ಕದ್ದು ಅಲ್ಲಿ.

ಆದರೆ ಇಷ್ಟರಿಂದ ರತ್ನಾಜಿಯ ಪಕ್ಷವು ತೀರಿಹೋಗುವುದಿಲ್ಲ. ರಾಮನ ಶೀಲವನ್ನು ಹೊಗಳುವ ಉತ್ಸಾಹದಲ್ಲಿ ಇದನ್ನು ನೋಡದೆ ಬಿಡುವವರೇ ಹೆಚ್ಚು. ‘ತಾಯಿ’ ಎಂಬ ಸಂಬೋಧನೆಯು ಆಡಿದವನಿಗೆ ಗೌರವದ್ದು, ಕೇಳಿದವಳಿಗೆ ಮುಚ್ಚಿದ ಬಾಗಿಲು. ಜರೆದಿದ್ದರೆ ಆಕೆ ಪ್ರತಿಯಾಗಿ ಜರೆಯಬಹುದಾಗಿತ್ತು. ಪೂಜ್ಯಳೆಂದವನಿಗೆ ಏನೆಂದು ಉತ್ತರ ಕೊಡುವುದು? ಊರ್ವಶಿಯ ಕೋಪವೂ ಇಂಥದೇ. ಒದೆಯದಿದ್ದರೂ ಒದೆಸಿಕೊಂಡಂತೆ ನೋವಾಗಬಹುದೆಂಬುದನ್ನು ನಮ್ಮ ಕವಿಗಳು ಬಲ್ಲರು. ಆಂಗ್ಲ ಕ್ರಿಯಾಪದವು ಹೀನಭಾವವನ್ನು ಮಾಡಿದವನ ಮೇಲೆಯೇ ಹೊರಿಸುವುದರಿಂದ, ಮಾಡಿದವನ ಮನಸ್ಸು ಒಂದು, ಪಟ್ಟವಳ ಮನಸ್ಸು ಇನ್ನೊಂದು ಎಂಬ ಈ ಇಬ್ಬಗೆಯನ್ನು ಅದು ತಾಳಲಾರದು.

ಆದುದರಿಂದ ಈ ಪ್ರಸಂಗವನ್ನು ಇಂಗ್ಲಿಷಿಗೆ ತರುವವರು ರಾಮನ ನಡೆಗೆ ‘ರೆಫ್ಯೂಸ್’ ಎಂಬ ಸಾದಾ ಮಾತನ್ನೇ ಬಳಸುವುದು ಲೇಸು. ‘ಸ್ಪರ್ನ್’ ಎಂಬುದಕ್ಕೆ ಎಡೆಯಿರುವುದು ರತ್ನಾಜಿಯ ಅಂತರಂಗದಲ್ಲಿ ಮಾತ್ರ. ಕಂಪಿಲನ ಮುಂದೆ ಆಕೆ ಆ ದೂರನ್ನು ಹೇಳಲಾರಳು. ಬೇಡಿದವಳು ತಾನೆಂದು ಒಪ್ಪದೆ, ಒಲ್ಲೆನೆಂದವನ ಮೇಲೆ ಆ ದೂರನ್ನು ಹೊರಿಸುವುದು ಸಾಧ್ಯವಿಲ್ಲ. ಆಕೆ ಬಲಾತ್ಕಾರದ ಕಥೆಯನ್ನು ಕಟ್ಟುವುದು ಅದಕ್ಕಾಗಿಯೇ.